ಹೆಪ್ಪುಗಟ್ಟುವ ರಕ್ತ: ಪೊರೆಯ ಮೇಲೆ ಸೇರುವ ಸಂತೆ



ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ಬೆರಳಿಗೆ ತಾಗಿತು ಎನ್ನೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೇಷ್ಮೆ ಬೆಳೆಗಾರರ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ರಕ್ತ ಚಿಮ್ಮುತ್ತದೆ. ಬೆರಳನ್ನು ಒತ್ತಿ ಹಿಡಿಯುತ್ತೀರಿ. ಕೆಲವು ನಿಮಿಷಗಳಲ್ಲಿ ರಕ್ತ ತಾನಾಗಿಯೇ ನಿಲ್ಲುತ್ತದೆ. ನೀವು ಮತ್ತೆ ಕೆಲಸಕ್ಕೆ ತೊಡಗುತ್ತೀರಿ.

ಈಗ ಒಂದು ಪ್ರಶ್ನೆ. ದೇಹದೊಳಗೆ ಹಗಲಿರುಳೂ ನೀರಿನಂತೆ ಹರಿಯುವ ರಕ್ತ, ಗಾಯದ ಬಾಯಿಯಲ್ಲಿ ಮಾತ್ರ ಏಕೆ ಗಟ್ಟಿಯಾಯಿತು? ಅಲ್ಲಿ ಗಟ್ಟಿಯಾದದ್ದು ಮೈಯೊಳಗೆಲ್ಲ ಏಕೆ ಗಟ್ಟಿಯಾಗಲಿಲ್ಲ? ನಮ್ಮ ಹಿರಿಯರು ಹಾಲಿಗೂ ರಕ್ತಕ್ಕೂ 'ಹೆಪ್ಪು' ಎಂಬ ಒಂದೇ ಮಾತನ್ನು ಬಳಸಿದರು. ಆದರೆ ಹಾಲಿಗೆ ಹೆಪ್ಪು ಹಾಕಿದರೆ ಪಾತ್ರೆಯ ಹಾಲೆಲ್ಲ ಮೊಸರಾಗುತ್ತದೆ. ರಕ್ತ ಹಾಗಲ್ಲ. ಅದು ಬೇಕಾದ ಜಾಗದಲ್ಲಿ, ಬೇಕಾದಷ್ಟೇ, ಬೇಕಾದಾಗಲೇ ಹೆಪ್ಪುಗಟ್ಟಬೇಕು. ಸ್ವಲ್ಪ ಕಡಿಮೆಯಾದರೆ ರಕ್ತಸ್ರಾವ. ಸ್ವಲ್ಪ ಹೆಚ್ಚಾದರೆ ಹೃದಯದಲ್ಲೋ ಮಿದುಳಿನಲ್ಲೋ ರಕ್ತನಾಳ ಮುಚ್ಚಿಹೋಗುತ್ತದೆ.

ಈ ನಾಜೂಕಿನ ಕೆಲಸವನ್ನು ಮಾಡುವ ಪ್ರೋಟೀನುಗಳ ಆಕಾರವನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಹೇಗೆ ಕಂಡುಕೊಂಡರು ಎಂಬುದೇ ಈ ಲೇಖನದ ವಿಷಯ. ಪರದೆಯ ಮೇಲೆ ಕಂಡದ್ದು ಕ್ಷಣದಲ್ಲಿ ಮರೆಯಾಗುತ್ತದೆ. ಪುಟವಾದರೆ ಮತ್ತೆ ತಿರುವಿ ನೋಡಬಹುದು. ಆದ್ದರಿಂದ ನಿಧಾನವಾಗಿ ಓದಿ.

ಒಂದರ ಹಿಂದೆ ಒಂದು

ರಕ್ತದಲ್ಲಿ ಹೆಪ್ಪುಗಟ್ಟಿಸುವ ಸಾಮಗ್ರಿಗಳಿಗೆ 'ಅಂಶ' ಎಂದು ಹೆಸರು. ಡಾಕ್ಟರುಗಳು ಫ್ಯಾಕ್ಟರ್ ಎನ್ನುತ್ತಾರೆ. ಇವುಗಳಿಗೆ 1ರಿಂದ 13ರವರೆಗೆ ರೋಮನ್ ಅಂಕೆಗಳನ್ನು ಕೊಟ್ಟಿದ್ದಾರೆ. ತಮಾಷೆಯೆಂದರೆ ಆರನೆಯ ಅಂಶವೇ ಇಲ್ಲ! ಆರನೆಯದು ಎಂದುಕೊಂಡದ್ದು ಐದನೆಯದರ ಇನ್ನೊಂದು ರೂಪ ಎಂದು ಆಮೇಲೆ ತಿಳಿಯಿತು. ನಾಲ್ಕನೆಯದು ಪ್ರೋಟೀನೇ ಅಲ್ಲ. ಅದು ನಿಮಗೆಲ್ಲ ಗೊತ್ತಿರುವ ಕ್ಯಾಲ್ಸಿಯಂ.

ಸಾಮಾನ್ಯ ಸ್ಥಿತಿಯಲ್ಲಿ ಈ ಪ್ರೋಟೀನುಗಳು ನಿದ್ರಿಸುತ್ತಿರುತ್ತವೆ. ರಕ್ತನಾಳ ತುಂಡಾದಾಗ ಹೊರಗಿನ ಜೀವಕೋಶಗಳ ಮೇಲಿರುವ ಊತಕ ಅಂಶವೆಂಬ ಪ್ರೋಟೀನು ರಕ್ತಕ್ಕೆ ತಾಗುತ್ತದೆ. ಅದು ಏಳನೆಯ ಅಂಶವನ್ನು ಜೊತೆಮಾಡಿಕೊಂಡು ಒಂಬತ್ತನೆಯದನ್ನೂ ಹತ್ತನೆಯದನ್ನೂ ಎಬ್ಬಿಸುತ್ತದೆ. ಎಚ್ಚೆತ್ತ ಒಂಬತ್ತನೆಯದು ಎಂಟನೆಯದರ ನೆರವಿನಿಂದ ಹತ್ತನೆಯದನ್ನು ಇನ್ನೂ ಹೇರಳವಾಗಿ ಎಬ್ಬಿಸುತ್ತದೆ. ಎಚ್ಚೆತ್ತ ಹತ್ತನೆಯದು ಐದನೆಯದರ ನೆರವಿನಿಂದ ಪ್ರೋಥ್ರಾಂಬಿನ್ ಎಂಬುದನ್ನು ಕತ್ತರಿಸಿ ಥ್ರಾಂಬಿನ್ ಮಾಡುತ್ತದೆ. ಥ್ರಾಂಬಿನ್ ಕೊನೆಗೆ ಫೈಬ್ರಿನೋಜೆನ್ ಎಂಬ ಕರಗಿದ ಪ್ರೋಟೀನನ್ನು ಫೈಬ್ರಿನ್ ಎಂಬ ಎಳೆಯಾಗಿಸುತ್ತದೆ. ಈ ಎಳೆಗಳ ಬಲೆಯೇ ಹೆಪ್ಪು.

ಇಲ್ಲಿ 'ಎಬ್ಬಿಸುವುದು' ಎಂದರೆ ಏನು? ಒಂದು ಕಿಣ್ವ ಇನ್ನೊಂದು ಪ್ರೋಟೀನಿನ ಸರಪಳಿಯನ್ನು ಗೊತ್ತಾದ ಒಂದು ಕೊಂಡಿಯಲ್ಲಿ ಕತ್ತರಿಸುತ್ತದೆ. ಹಾಗೆ ಕತ್ತರಿಸಿದಾಗ ಮಲಗಿದ್ದ ಪ್ರೋಟೀನೂ ಕಿಣ್ವವಾಗುತ್ತದೆ. ಒಂದು ಕಿಣ್ವ ನೂರಾರನ್ನು ಕತ್ತರಿಸಬಲ್ಲದು. ಆ ನೂರಾರು ಸಾವಿರಾರನ್ನು. ಹೀಗೆ ಕ್ರಿಯೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ದೊಡ್ಡದಾಗುತ್ತದೆ. ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಅಮೆರಿಕದ ಡೇವಿ ಹಾಗೂ ರಾಟ್ನಾಫ್ ಎಂಬ ವಿಜ್ಞಾನಿಗಳು 1964ರಲ್ಲಿ ಬೇರೆ ಬೇರೆಯಾಗಿಯೇ ಇದನ್ನು ಜಲಪಾತಕ್ಕೆ ಹೋಲಿಸಿದರು.

ಸಂತೆ ಸೇರುವ ಜಾಗ

ಆದರೆ ಈ ಜಲಪಾತದ ಚಿತ್ರದಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಇದೆಲ್ಲ ನಡೆಯುವುದು ಎಲ್ಲಿ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೀವು ನೋಡಿರಬಹುದು. ಏಷ್ಯಾದಲ್ಲೇ ಬಲು ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಆ ಮಾರುಕಟ್ಟೆ ಇಲ್ಲ ಎಂದು ಭಾವಿಸಿ. ಕನಕಪುರದ ಕಡೆಯ ರೈತ ಗೂಡಿನ ಚೀಲ ಹೊತ್ತು ನೂಲು ಬಿಚ್ಚುವವರನ್ನು ಹುಡುಕಿ ಊರೂರು ಅಲೆಯಬೇಕು. ನೂಲು ಬಿಚ್ಚುವವರು ರೈತನನ್ನು ಹುಡುಕಿ ಇನ್ನೊಂದು ದಿಕ್ಕಿಗೆ ಹೋಗಿರುತ್ತಾರೆ. ಇಬ್ಬರೂ ಎದುರಾಗುವ ಹೊತ್ತಿಗೆ ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದಿರುತ್ತದೆ! ಎಲ್ಲರೂ ಒಂದೇ ಅಂಗಳಕ್ಕೆ ಬಂದರೆ ವ್ಯಾಪಾರ ಒಂದೇ ಬೆಳಗ್ಗೆ ಮುಗಿಯುತ್ತದೆ.

ರಕ್ತದಲ್ಲೂ ಹೀಗೆಯೇ. ಎಂಟನೆಯ ಅಂಶ ಎಷ್ಟು ವಿರಳವೆಂದರೆ ಒಂದು ಲೀಟರ್ ಪ್ಲಾಸ್ಮಾದಲ್ಲಿ ಅದು ಒಂದು ಮಿಲಿಗ್ರಾಮಿಗಿಂತ ಕಡಿಮೆ. ಅಷ್ಟು ವಿರಳವಾದ ಪ್ರೋಟೀನು ತನ್ನ ಸಂಗಾತಿಯನ್ನು ಹರಿಯುವ ರಕ್ತದಲ್ಲಿ ಎಲ್ಲಿ ಹುಡುಕೀತು? ಇವುಗಳ ಮಾರುಕಟ್ಟೆಯ ಅಂಗಳವೇ ಜೀವಕೋಶದ ಪೊರೆ. ಅದರಲ್ಲೂ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳ ಪೊರೆ.

ಈ ಪೊರೆ ಕೊಬ್ಬಿನ ಅಣುಗಳ ಎರಡು ಪದರ. ದಪ್ಪ ಸುಮಾರು 4ರಿಂದ 5 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಎಂದಿನಂತಿರುವಾಗ ಫಾಸ್ಫಾಟಿಡೈಲ್ ಸೀರೀನ್ ಎಂಬ ಋಣ ವಿದ್ಯುದಂಶವುಳ್ಳ ಕೊಬ್ಬು ಒಳಪದರದಲ್ಲಿ ಅಡಗಿರುತ್ತದೆ. ಗಾಯದ ಬಳಿ ಕಿರುಬಿಲ್ಲೆಗಳು ಕೆರಳಿದಾಗ ಈ ಕೊಬ್ಬು ಹೊರಪದರಕ್ಕೆ ಮಗುಚಿಕೊಳ್ಳುತ್ತದೆ. ಅಂಗಡಿಯ ಬಾಗಿಲಲ್ಲಿ ದೀಪ ಹಚ್ಚಿಟ್ಟಂತೆ! ಹೆಪ್ಪಿನ ಪ್ರೋಟೀನುಗಳು ಇದನ್ನು ಗುರುತಿಸಿ ಬಂದು ಕೂರುತ್ತವೆ.

ಕೂರುವ ವಿಧಾನ ಎರಡು. ಏಳು, ಒಂಬತ್ತು, ಹತ್ತನೆಯ ಅಂಶಗಳಿಗೂ ಪ್ರೋಥ್ರಾಂಬಿನ್‌ಗೂ ಒಂದು ತುದಿಯಲ್ಲಿ 'ಗ್ಲಾ' ಎಂಬ ಪಾದವಿದೆ. ಕ್ಯಾಲ್ಸಿಯಂ ಇದ್ದರೆ ಮಾತ್ರ ಈ ಪಾದ ಪೊರೆಗೆ ಅಂಟುತ್ತದೆ. ಈ ಪಾದ ಸರಿಯಾಗಿ ತಯಾರಾಗಲು 'ಕೆ' ಜೀವಸತ್ವ ಬೇಕು. ಹಸಿರು ಸೊಪ್ಪು ತಿನ್ನಿ ಎಂದು ಅಮ್ಮ ಹೇಳುವುದಕ್ಕೆ ಇದೂ ಒಂದು ಕಾರಣವೆನ್ನಿ. ಐದನೆಯ ಮತ್ತು ಎಂಟನೆಯ ಅಂಶಗಳಿಗಾದರೋ ಬೇರೆ ಬಗೆಯ ಪಾದಗಳು. ಅವಕ್ಕೆ 'ಸಿ-1', 'ಸಿ-2' ಎಂದು ಹೆಸರು. ಇವುಗಳ ತುದಿಯಲ್ಲಿ ನೀರನ್ನು ಒಲ್ಲದ ಬೆರಳುಗಳಿದ್ದು, ಅವು ಕೊಬ್ಬಿನೊಳಗೆ ಅದ್ದಿಕೊಳ್ಳುತ್ತವೆ.

ಹೀಗೆ ಪೊರೆಯ ಮೇಲೆ ಹತ್ತನೆಯದೂ ಐದನೆಯದೂ ಜೊತೆಗೂಡಿದಾಗ, ಒಂಟಿ ಹತ್ತನೆಯ ಅಂಶಕ್ಕಿಂತ ಲಕ್ಷಗಟ್ಟಲೆ ಪಟ್ಟು ವೇಗವಾಗಿ ಥ್ರಾಂಬಿನ್ ತಯಾರಾಗುತ್ತದೆ. ಹೆಪ್ಪು ಗಾಯದ ಬಾಯಿಯಲ್ಲೇ ಆಗಿ ಮೈತುಂಬ ಹರಡದಿರುವುದಕ್ಕೂ ಇದು ಒಂದು ಮುಖ್ಯ ಕಾರಣ. ಅಂಗಳ ತೆರೆದಿರುವುದು ಗಾಯದ ಬಳಿ ಮಾತ್ರ.

ಒಬ್ಬ ವ್ಯಾಪಾರಿ ಬಾರದಿದ್ದರೆ

ಈ ಸಂತೆಗೆ ಎಂಟನೆಯ ಅಂಶ ಬಾರದಿದ್ದರೆ? ಅದೇ ಹಿಮೋಫೀಲಿಯಾ ಎಂಬ ಕಾಯಿಲೆ. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಎಂಟನೆಯ ಅಂಶದ ಕೊರತೆಯ ಹಿಮೋಫೀಲಿಯಾ ಇರುತ್ತದೆ. ಒಂಬತ್ತನೆಯ ಅಂಶದ ಕೊರತೆಯ ಬಗೆ ಇನ್ನೂ ವಿರಳ. ಈ ಕಾಯಿಲೆಯ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಆದ್ದರಿಂದ ತಾಯಿಯಿಂದ ಮಗನಿಗೆ ಬರುತ್ತದೆ. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಇರದೆ ಹೊಸದಾಗಿಯೂ ಕಾಣಿಸಿಕೊಳ್ಳುತ್ತದೆ. ಇದು ಯಾರ ತಪ್ಪೂ ಅಲ್ಲ. ಅಂಟುವ ರೋಗವೂ ಅಲ್ಲ.

ಇಂಥ ಹುಡುಗನಿಗೆ ಹೊರಗಿನ ಸಣ್ಣ ಗೀರಿಗಿಂತ ಒಳಗಿನ ರಕ್ತಸ್ರಾವವೇ ದೊಡ್ಡ ಕಷ್ಟ. ಮೊಣಕಾಲು, ಮೊಣಕೈ ಕೀಲುಗಳಲ್ಲಿ ರಕ್ತ ತುಂಬಿ ಊದಿಕೊಳ್ಳುತ್ತದೆ. ಮತ್ತೆ ಮತ್ತೆ ಹೀಗಾದರೆ ಕೀಲು ಸೆಟೆದುಹೋಗುತ್ತದೆ. ನಿಮ್ಮ ತರಗತಿಯಲ್ಲಿ ಆಗಾಗ ಕಾಲು ಊದಿಕೊಂಡು ಶಾಲೆ ತಪ್ಪಿಸುವ ಗೆಳೆಯನಿದ್ದರೆ ಅವನನ್ನು ಸೋಮಾರಿ ಎನ್ನುವ ಮುನ್ನ ಯೋಚಿಸಿ.

ನಮ್ಮ ರಾಜ್ಯದಲ್ಲಿ ದಾವಣಗೆರೆಯ ಡಾ. ಸುರೇಶ ಹನಗವಾಡಿ ಸ್ವತಃ ಹಿಮೋಫೀಲಿಯಾ ಇದ್ದೂ ವೈದ್ಯಕೀಯ ಓದಿ, ರೋಗಶಾಸ್ತ್ರದ ಪ್ರಾಧ್ಯಾಪಕರಾಗಿ, ಕರ್ನಾಟಕ ಹಿಮೋಫೀಲಿಯಾ ಸೊಸೈಟಿಯ ಮೂಲಕ ಇಂಥ ಕುಟುಂಬಗಳ ಜೊತೆ ದುಡಿದವರು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಹಿಮೋಫೀಲಿಯಾವನ್ನೂ ತನ್ನ ಪಟ್ಟಿಗೆ ಸೇರಿಸಿದೆ.

ಕೊಳಕುಮಂಡಲ ಕಲಿಸಿದ ಪಾಠ

ಈ ನಾಲ್ಕು ತಾಲ್ಲೂಕುಗಳ ಹೊಲ, ತೋಟ, ಬಂಡೆಗಳ ನಡುವೆ ವಾಸಿಸುವ ಒಂದು ಜೀವಿಗೂ ನಮ್ಮ ವಿಷಯಕ್ಕೂ ಹತ್ತಿರದ ನಂಟು. ಅದೇ ಕೊಳಕುಮಂಡಲ ಹಾವು. ಇದರ ವಿಷದಲ್ಲಿ ಹತ್ತನೆಯ ಅಂಶವನ್ನು ಕತ್ತರಿಸುವ ಒಂದು ಕಿಣ್ವವೂ, ಐದನೆಯ ಅಂಶವನ್ನು ಕತ್ತರಿಸುವ ಇನ್ನೊಂದು ಕಿಣ್ವವೂ ಇವೆ. ಜಲಪಾತದ ಮೇಲಿನ ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಕೆಳಮೆಟ್ಟಿಲಿಗೇ ಇದು ಕೈಹಾಕುತ್ತದೆ.

ಹಾಗಾದರೆ ಕಚ್ಚಿಸಿಕೊಂಡವರ ರಕ್ತವೆಲ್ಲ ಗಟ್ಟಿಯಾಗಬೇಕಲ್ಲವೇ? ಆಗುವುದು ಅದಕ್ಕೆ ವಿರುದ್ಧ. ಮೈಯಲ್ಲೆಲ್ಲ ಗೊತ್ತುಗುರಿಯಿಲ್ಲದೆ ಹೆಪ್ಪಿನ ಕ್ರಿಯೆ ನಡೆದು ಫೈಬ್ರಿನೋಜೆನ್ ಮತ್ತಿತರ ಅಂಶಗಳು ಮುಗಿದುಹೋಗುತ್ತವೆ. ಮದುವೆಗೆಂದು ಕೂಡಿಟ್ಟ ಅಕ್ಕಿಯನ್ನು ಹಿಂದಿನ ರಾತ್ರಿಯೇ ಬೇಯಿಸಿ ಚೆಲ್ಲಿದಂತೆ! ಆಮೇಲೆ ನಿಜವಾದ ಗಾಯಕ್ಕೆ ಹೆಪ್ಪು ಇಲ್ಲ. ಒಸಡಿನಿಂದ, ಮೂತ್ರದಲ್ಲಿ ರಕ್ತ ಹೋಗತೊಡಗುತ್ತದೆ. ಇದನ್ನು ಪತ್ತೆಹಚ್ಚಲು ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆ ಬಹಳ ಸರಳ. ಸುಮಾರು 2 ಮಿಲಿಲೀಟರ್ ರಕ್ತವನ್ನು ಒಣಗಿದ ಶುಚಿಯಾದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ಬಾಗಿಸಿ ನೋಡುತ್ತಾರೆ. ಆಗಲೂ ರಕ್ತ ನೀರಾಗಿಯೇ ಹರಿದರೆ ವಿಷ ಏರಿದೆ ಎಂದು ಅರ್ಥ. ಕೂಡಲೇ ಪ್ರತಿವಿಷ ಕೊಡಬೇಕು.

ಆದ್ದರಿಂದ ಇದನ್ನು ಮರೆಯಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟಬಾರದು, ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಿಸದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು.

ಕೊಲ್ಲುವ ವಿಷವೇ ವಿಜ್ಞಾನಿಯ ಕೈಯಲ್ಲಿ ಉಪಕರಣವಾಗುತ್ತದೆ. 1934ರಲ್ಲಿ ಲಂಡನ್ನಿನಲ್ಲಿ ಯುವಕ ಮ್ಯಾಕ್‌ಫರ್ಲೇನ್, ಆಗಲೇ ಹೇಳಿದ ಅದೇ ಮ್ಯಾಕ್‌ಫರ್ಲೇನ್, ಹಲವು ಹಾವುಗಳ ವಿಷವನ್ನು ಪರೀಕ್ಷಿಸಿ, ಕೊಳಕುಮಂಡಲದ ವಿಷವನ್ನು ಹತ್ತು ಸಾವಿರ ಪಟ್ಟು ತೆಳುಮಾಡಿ ಹಿಮೋಫೀಲಿಯಾ ರೋಗಿಗಳ ಗಾಯಕ್ಕೆ ಹಚ್ಚಿದರೆ ರಕ್ತ ನಿಲ್ಲುತ್ತದೆಂದು ತೋರಿಸಿದರು. ಎಂಟನೆಯ ಅಂಶವಿಲ್ಲದಿದ್ದರೂ ಹತ್ತನೆಯದನ್ನು ವಿಷವೇ ಎಬ್ಬಿಸಿತಲ್ಲ, ಅದರಿಂದ. ಇಂದಿಗೂ ಹೆಪ್ಪಿನ ಕೆಲವು ತೊಂದರೆಗಳನ್ನು ಕಂಡುಹಿಡಿಯಲು ಪ್ರಯೋಗಾಲಯಗಳಲ್ಲಿ ತೆಳುಮಾಡಿದ ಕೊಳಕುಮಂಡಲದ ವಿಷವನ್ನು ಬಳಸುತ್ತಾರೆ.

ಮೈಸೂರಿನ ಮಾನಸಗಂಗೋತ್ರಿಯ ಜೀವರಸಾಯನ ವಿಭಾಗ ಹಾವಿನ ವಿಷದ ಅಧ್ಯಯನಕ್ಕೆ ಬಹುಕಾಲದಿಂದ ಹೆಸರಾದದ್ದು. ಅಲ್ಲಿ ಟಿ. ವೀರಬಸಪ್ಪ ಗೌಡರ ಜೊತೆ ಸಂಶೋಧನೆ ಮಾಡಿದ ಆರ್. ಮಂಜುನಾಥ ಕಿಣಿ ಮುಂದೆ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯ ಸೇರಿದರು. ಆಸ್ಟ್ರೇಲಿಯಾದ ಕಂದು ಹಾವೊಂದರ ವಿಷದಲ್ಲಿ ನಮ್ಮ ಹತ್ತನೆಯ ಮತ್ತು ಐದನೆಯ ಅಂಶಗಳನ್ನೇ ಹೋಲುವ ಜೋಡಿಯೊಂದು ಇದೆಯೆಂದು ಅವರ ತಂಡ 2002ರಲ್ಲಿ ಪ್ರಕಟಿಸಿತು. ಈ ಹಾವಿನ ಜೋಡಿಯಲ್ಲಿ ಒಂದು ವಿಶೇಷವುಂಟು. ಇವೆರಡೂ ಪೊರೆಯ ಆಸರೆ ಇಲ್ಲದೆಯೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹೀಗಾಗಿ ಅವನ್ನು ಹರಳುಗಟ್ಟಿಸುವುದು ಸಾಧ್ಯವಾಯಿತು. 2013ರಲ್ಲಿ ಕೇಂಬ್ರಿಜ್‌ನ ಹಂಟಿಂಗ್ಟನ್ ಮತ್ತು ಸಂಗಡಿಗರು ಎಕ್ಸ್-ಕಿರಣಗಳಿಂದ ಅದರ ರಚನೆ ಬಿಡಿಸಿದರು. ಮನುಷ್ಯನ ಜೋಡಿಗೆ ಆ ಭಾಗ್ಯ ಇರಲಿಲ್ಲ. ಅದಕ್ಕೆ ಪೊರೆ ಬೇಕು. ಮೆತ್ತನೆಯ, ಅಲುಗಾಡುವ ಪೊರೆ ಹರಳಿಗೆ ಒಗ್ಗುವುದಿಲ್ಲ.

ಕಣ್ಣಿಗೆ ಕಾಣದ್ದನ್ನು ನೋಡುವುದು

ಹಾಗಾದರೆ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಾರದೇ? ಒಂದು ರೇಷ್ಮೆ ಎಳೆಯ ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್. ಎಂಟನೆಯ ಅಂಶದ ಉದ್ದ ಸುಮಾರು 12 ನ್ಯಾನೋಮೀಟರ್. ಎಂದರೆ ಎಳೆಯ ಅಡ್ಡಕ್ಕೆ ಇಂಥ ಸುಮಾರು ಸಾವಿರ ಪ್ರೋಟೀನುಗಳನ್ನು ಸಾಲಾಗಿ ಇಡಬಹುದು. ಶಾಲೆಯ ಸೂಕ್ಷ್ಮದರ್ಶಕ ಬಳಸುವುದು ಬೆಳಕನ್ನು. ಬೆಳಕಿನ ಅಲೆಯ ಉದ್ದ 400ರಿಂದ 700 ನ್ಯಾನೋಮೀಟರ್. ಮಸೂರ ಎಷ್ಟೇ ಒಳ್ಳೆಯದಿದ್ದರೂ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಅದಕ್ಕೆ ಒಂದೇ ಚುಕ್ಕೆಯಾಗಿ ಕಾಣುತ್ತವೆ. ದಪ್ಪ ಕೈಗವಸು ತೊಟ್ಟು ರಾಗಿ ಕಾಳನ್ನು ತಡವಿ ನೋಡಿದಂತೆ.

ಎಲೆಕ್ಟ್ರಾನುಗಳೂ ಅಲೆಯಂತೆ ವರ್ತಿಸುತ್ತವೆ ಎಂದು 1924ರಲ್ಲಿ ಡಿ ಬ್ರಾಯ್ ತಿಳಿಸಿದರು. 3 ಲಕ್ಷ ವೋಲ್ಟಿನಿಂದ ನೂಕಿದ ಎಲೆಕ್ಟ್ರಾನಿನ ಅಲೆಯ ಉದ್ದ ಸುಮಾರು 0.002 ನ್ಯಾನೋಮೀಟರ್. ಹಸಿರು ಬೆಳಕಿನ ಅಲೆಗಿಂತ ಇದು ಸುಮಾರು ಎರಡೂವರೆ ಲಕ್ಷ ಪಟ್ಟು ಚಿಕ್ಕದು. ಗಾಜಿನ ಮಸೂರದ ಬದಲು ಕಾಂತದ ಸುರುಳಿಗಳಿಂದ ಎಲೆಕ್ಟ್ರಾನುಗಳನ್ನು ಬಾಗಿಸಬಹುದು. ಬರ್ಲಿನ್ನಿನಲ್ಲಿ ರುಸ್ಕಾ ಮತ್ತು ನಾಲ್ 1931ರಲ್ಲಿ ಹೀಗೆ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದರು.

ಆದರೆ ಜೀವವಸ್ತುವಿಗೆ ಅದರೊಳಗೆ ಎರಡು ಗಂಡಾಂತರ. ಎಲೆಕ್ಟ್ರಾನುಗಳು ಓಡಲು ಒಳಗೆ ನಿರ್ವಾತ ಬೇಕು. ನಿರ್ವಾತದಲ್ಲಿ ನೀರು ಆರಿ ಪ್ರೋಟೀನು ಮುದುಡುತ್ತದೆ. ಜೊತೆಗೆ ಎಲೆಕ್ಟ್ರಾನುಗಳ ಏಟಿಗೆ ಪ್ರೋಟೀನಿನ ಬಂಧಗಳು ಮುರಿಯುತ್ತವೆ.

ಗಾಜಾದ ನೀರು

ನೀರನ್ನು ಹೆಪ್ಪುಗಟ್ಟಿಸಿ ಮಂಜುಗಡ್ಡೆ ಮಾಡಿದರೆ? ಮಂಜಿನ ಹರಳುಗಳು ಬೆಳೆಯುವಾಗ ಪ್ರೋಟೀನನ್ನು ಹಿಂಡಿಬಿಡುತ್ತವೆ. 1980ರ ದಶಕದ ಮೊದಲ ವರ್ಷಗಳಲ್ಲಿ ಜಾಕ್ ದ್ಯೂಬೊಶೆ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ನೀರಿನ ಅಣುಗಳಿಗೆ ಹರಳಾಗಿ ಜೋಡಿಸಿಕೊಳ್ಳಲು ಪುರುಸೊತ್ತೇ ಕೊಡದೆ ತಣಿಸಿಬಿಟ್ಟರೆ, ಇದ್ದಲ್ಲೇ ನಿಂತು ನೀರು ಗಾಜಿನಂತಾಗುತ್ತದೆ.

ಹೀಗೆ ಮಾಡುವ ಕ್ರಮ ಇದು. 3 ಮಿಲಿಮೀಟರ್ ಅಗಲದ ಲೋಹದ ಜಾಲರಿ. ಅದರ ಮೇಲೆ ಸಣ್ಣ ಸಣ್ಣ ತೂತುಗಳಿರುವ ಇಂಗಾಲದ ತೆಳು ಹಾಳೆ. ಅದಕ್ಕೆ ಪ್ರೋಟೀನಿನ ದ್ರಾವಣದ ಒಂದು ಹನಿ ಹಾಕಿ ಒತ್ತುಕಾಗದದಿಂದ ಹೀರುತ್ತಾರೆ. ತೂತುಗಳಲ್ಲಿ ಕೆಲವು ಹತ್ತು ನ್ಯಾನೋಮೀಟರ್ ದಪ್ಪದ ನೀರಿನ ಪೊರೆ ಉಳಿಯುತ್ತದೆ. ತಕ್ಷಣ ಜಾಲರಿಯನ್ನು ದ್ರವ ಈಥೇನಿನೊಳಕ್ಕೆ ಮುಳುಗಿಸುತ್ತಾರೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೇ ಏಕೆ ಹಾಕುವುದಿಲ್ಲ? ಕಾದ ಕಾವಲಿಯ ಮೇಲೆ ಬಿದ್ದ ನೀರ ಹನಿ ತನ್ನದೇ ಆವಿಯ ಮೇಲೆ ತೇಲಿ ಓಡಾಡುವುದನ್ನು ನೋಡಿದ್ದೀರಲ್ಲ? ಸಾರಜನಕವೂ ಜಾಲರಿಯ ಸುತ್ತ ಹಾಗೆಯೇ ಆವಿಯ ಹೊದಿಕೆ ಹೊದಿಸಿ ತಣಿಯುವುದನ್ನು ನಿಧಾನ ಮಾಡುತ್ತದೆ. ಸಾರಜನಕದಿಂದಲೇ ತಣಿಸಿದ ಈಥೇನ್ ಹಾಗೆ ಮಾಡದು. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ನೀರು ಗಾಜಾಗುತ್ತದೆ. ಪ್ರೋಟೀನು ಇದ್ದ ಭಂಗಿಯಲ್ಲೇ ಸ್ತಬ್ಧ!

ನೆರಳಿನಿಂದ ರೂಪ

ನಾವು ಕ್ಯಾಮೆರಾದವರು ಮುಂದಿನ ಕಷ್ಟವನ್ನು ಬೇಗ ಅರ್ಥಮಾಡಿಕೊಳ್ಳುತ್ತೇವೆ. ಕತ್ತಲ ಕೋಣೆಯಲ್ಲಿ ಚಿತ್ರ ತೆಗೆದರೆ ಪರದೆಯ ತುಂಬ ಚುಕ್ಕೆಗಳು. ಇಲ್ಲಿಯೂ ಹಾಗೆಯೇ. ಪ್ರೋಟೀನು ಸುಟ್ಟುಹೋಗದಂತೆ ಎಲೆಕ್ಟ್ರಾನುಗಳನ್ನು ಜಿಪುಣತನದಿಂದ ಬಿಡಬೇಕು. ಬರುವ ಚಿತ್ರ ನಿಲಯದ ಸಂಕೇತ ಸಿಗದ ಹಳೆಯ ಟಿ.ವಿ.ಯಂತೆ. ಅದರಲ್ಲಿ ಪ್ರೋಟೀನು ಬರಿಯ ಒಂದು ಮಸುಕು ಕಲೆ.

ಪರಿಹಾರ ಸರಾಸರಿಯಲ್ಲಿದೆ. ಒಂದೇ ಕೋನದ ನೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದರೆ ಅಡ್ಡಾದಿಡ್ಡಿ ಚುಕ್ಕೆಗಳು ಒಂದನ್ನೊಂದು ಅಳಿಸಿಕೊಂಡು, ನಿಜವಾದ ರೂಪ ಹತ್ತು ಪಟ್ಟು ಸ್ಪಷ್ಟವಾಗುತ್ತದೆ. ಹತ್ತು ಸಾವಿರ ಚಿತ್ರಗಳಾದರೆ ನೂರು ಪಟ್ಟು. ಸ್ಪಷ್ಟತೆ ಬೆಳೆಯುವುದು ಸಂಖ್ಯೆಯ ವರ್ಗಮೂಲದಂತೆ. ಆದ್ದರಿಂದಲೇ ಲಕ್ಷಗಟ್ಟಲೆ ಪ್ರೋಟೀನುಗಳ ಚಿತ್ರ ಬೇಕಾಗುತ್ತದೆ.

ಇನ್ನು ಕೋನದ ಮಾತು. ಮಾಗಡಿಯ ಕಡೆಯಿಂದ ಕಂಡ ಸಾವನದುರ್ಗ ಇನ್ನೊಂದು ಮಗ್ಗುಲಿನಿಂದ ಹಾಗೆಯೇ ಕಾಣುವುದಿಲ್ಲ. 1975ರಲ್ಲಿ ತೆರೆಕಂಡ ಶೋಲೆ ಚಿತ್ರದಲ್ಲಿ ರಾಮನಗರದ ಬಂಡೆಗಳು ಪ್ರತಿ ದೃಶ್ಯದಲ್ಲೂ ಹೊಸ ಬೆಟ್ಟಗಳಂತೆ ಕಾಣುವುದೂ ಇದರಿಂದಲೇ. ಪ್ರೋಟೀನುಗಳು ಗಾಜಿನೊಳಗೆ ಹೇಗೆಂದರೆ ಹಾಗೆ ಬಿದ್ದಿರುತ್ತವೆ. ಒಂದೇ ಅಚ್ಚಿನ ಸಾವಿರಾರು ಚನ್ನಪಟ್ಟಣದ ಮರದ ಕುದುರೆಗಳನ್ನು ನೆಲದ ಮೇಲೆ ಚೆಲ್ಲಿ, ಪ್ರತಿಯೊಂದರ ನೆರಳು ತೆಗೆದಂತೆ. ಯಾವ ನೆರಳು ಯಾವ ಮಗ್ಗುಲಿನದು ಎಂದು ಕಂಪ್ಯೂಟರ್ ವಿಂಗಡಿಸಿ, ಎಲ್ಲವನ್ನೂ ಕೂಡಿಸಿ ಕುದುರೆಯ ಘನರೂಪವನ್ನು ಕಟ್ಟುತ್ತದೆ. ಈ ಗಣಿತವನ್ನು ಬೆಳೆಸಿದವರಲ್ಲಿ ಜೋಕಿಮ್ ಫ್ರ್ಯಾಂಕ್ ಪ್ರಮುಖರು. ಪೊರೆಯ ಪ್ರೋಟೀನೊಂದರ ಪರಮಾಣು ಮಟ್ಟದ ರಚನೆಯನ್ನು ಎಲೆಕ್ಟ್ರಾನುಗಳಿಂದ ಬಿಡಿಸಬಹುದೆಂದು 1990ರಲ್ಲಿ ತೋರಿಸಿದವರು ರಿಚರ್ಡ್ ಹೆಂಡರ್‌ಸನ್. ಈ ಇಬ್ಬರಿಗೂ ದ್ಯೂಬೊಶೆಗೂ 2017ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

2012ರ ನಂತರ ಎಲೆಕ್ಟ್ರಾನುಗಳನ್ನು ನೇರವಾಗಿ ಎಣಿಸುವ ಹೊಸ ಕ್ಯಾಮೆರಾಗಳು ಬಂದವು. ಇವು ಒಂದೇ ಚಿತ್ರದ ಬದಲು ಚಲನಚಿತ್ರ ತೆಗೆಯುತ್ತವೆ. ಎಲೆಕ್ಟ್ರಾನು ಬಡಿದಾಗ ಮಾದರಿ ಸ್ವಲ್ಪ ಸರಿಯುತ್ತದೆ. ಚೌಕಟ್ಟು ಚೌಕಟ್ಟಾಗಿ ಹೊಂದಿಸಿಕೊಂಡು ಆ ಅಲುಗಾಟವನ್ನು ಕಳೆಯಬಹುದು. ಕೈ ನಡುಗಿ ತೆಗೆದ ದೃಶ್ಯವನ್ನು ಸಂಕಲನದಲ್ಲಿ ಸರಿಪಡಿಸಿದಂತೆ.

ಪೊರೆಯ ತೊಡಕು

ಈಗ ನಮ್ಮ ಪ್ರೋಟೀನುಗಳಿಗೆ ಬರೋಣ. ಇವನ್ನು ನೋಡಬೇಕಾದದ್ದು ಪೊರೆಯ ಮೇಲೆ. ಎಂಟನೆಯ ಅಂಶದ 'ಸಿ-2' ಪಾದವೊಂದರ ಹರಳಿನ ರಚನೆ 1999ರಲ್ಲಿ ಬಂತು. ಪ್ರೋಟೀನಿನ ಹೆಚ್ಚಿನ ಭಾಗದ ರಚನೆ 2008ರಲ್ಲಿ ಬಂತು. ಅವೆರಡೂ ಪೊರೆಯಿಲ್ಲದ ಚಿತ್ರಗಳು. ಅಂಗಳದಿಂದ ದೂರ ಮನೆಯಲ್ಲಿ ಕುಳಿತ ವ್ಯಾಪಾರಿಯ ಭಾವಚಿತ್ರ ಇದ್ದ ಹಾಗೆ. ವ್ಯಾಪಾರ ಮಾಡುವಾಗ ಆತ ಹೇಗೆ ನಿಲ್ಲುತ್ತಾನೆ?

ಇದಕ್ಕೆ ಮೂರು ದಾರಿಗಳನ್ನು ಹುಡುಕಿದರು. ಮೊದಲನೆಯದು, ನೀರಿನ ಮೇಲೆ ಕೊಬ್ಬಿನ ಒಂದೇ ಪದರ ಹರಡಿ, ಅದರ ಮೇಲೆ ಪ್ರೋಟೀನುಗಳನ್ನು ಹೆಂಚಿನಂತೆ ಸಾಲುಗೂಡಿಸುವುದು. ಸ್ವೆತ್ಲಾ ಸ್ತೊಯಿಲೋವಾ-ಮೆಕ್‌ಫೀ ಮತ್ತು ಸಂಗಡಿಗರು 2002ರಲ್ಲಿ ಎಂಟನೆಯ ಅಂಶದ ಚಿತ್ರವನ್ನು ಹೀಗೆ ಪಡೆದರು. ಮಸುಕಾದ ಚಿತ್ರವಾದರೂ ಪೊರೆಯ ಮೇಲೆ ಪ್ರೋಟೀನು ನಿಲ್ಲುವ ಬಗೆ ಮೊದಲಬಾರಿಗೆ ಕಂಡಿತು. ಎರಡನೆಯದು, ಕೊಬ್ಬಿನ ಅಣುಗಳಿಂದಲೇ ಸೂಕ್ಷ್ಮ ಕೊಳವೆ ಮಾಡುವುದು. ರಾಟೆಗೆ ನೂಲು ಸುತ್ತಿದಂತೆ ಪ್ರೋಟೀನುಗಳು ಕೊಳವೆಯ ಸುತ್ತ ಸುರುಳಿಯಾಗಿ ಕೂರುತ್ತವೆ. ಆಗ ಒಂದೇ ಚಿತ್ರದಲ್ಲಿ ಎಲ್ಲ ಮಗ್ಗುಲುಗಳೂ ಸಿಗುತ್ತವೆ. 2008ರಿಂದೀಚೆಗೆ ಇದೇ ತಂಡದವರು ಈ ದಾರಿ ಹಿಡಿದರು. ಮೂರನೆಯದು ನ್ಯಾನೋಬಿಲ್ಲೆ. ಅಮೆರಿಕದ ಸ್ಟೀಫನ್ ಸ್ಲೈಗರ್ ಅವರ ಪ್ರಯೋಗಾಲಯ ಬೆಳೆಸಿದ ಈ ಬಿಲ್ಲೆ ಸುಮಾರು 10 ನ್ಯಾನೋಮೀಟರ್ ಅಗಲದ ಪುಟ್ಟ ಪೊರೆ. ಕೊಬ್ಬು ಚದುರದಂತೆ ಪ್ರೋಟೀನಿನ ಪಟ್ಟಿಯೊಂದು ಮೊರದ ಅಂಚಿನಂತೆ ಸುತ್ತ ಕಟ್ಟಿರುತ್ತದೆ. ಇಬ್ಬರು ಮೂವರು ವ್ಯಾಪಾರಿಗಳಿಗೆ ಸಾಲುವಷ್ಟೇ ಅಂಗಳ!

ಇಷ್ಟಾದರೂ ತೊಡಕು ಮುಗಿಯದು. ಪೊರೆ ತಾನೇ ಗಾಢವಾಗಿ ಕಾಣಿಸಿಕೊಂಡು ಪ್ರೋಟೀನನ್ನು ಮಂಕಾಗಿಸುತ್ತದೆ. ಅದರ ಮೇಲೆ ನಿಂತ ಪ್ರೋಟೀನುಗಳು ಗಾಳಿಗೆ ಜೋಳದ ದಂಟಿನಂತೆ ಓಲಾಡುತ್ತವೆ. ಓಲಾಡುವುದರ ಸರಾಸರಿ ತೆಗೆದರೆ ಅಂಚು ಕಲಸಿಹೋಗುತ್ತದೆ.

2022ರ ಚಿತ್ರ

ಸೇಂಟ್ ಲೂಯಿಸ್ ನಗರದ ಎನ್ರಿಕೊ ಡಿ ಚೆರಾ ಮತ್ತು ಸಂಗಡಿಗರು 2021ರಲ್ಲಿ ಮನುಷ್ಯನ ಐದನೆಯ ಅಂಶದ ರಚನೆಯನ್ನೂ, 2022ರಲ್ಲಿ ಐದು ಮತ್ತು ಹತ್ತನೆಯ ಅಂಶಗಳ ಜೋಡಿಯ ರಚನೆಯನ್ನೂ ಪ್ರಕಟಿಸಿದರು. ಜೋಡಿಯ ಚಿತ್ರಗಳು ಎರಡು. ನ್ಯಾನೋಬಿಲ್ಲೆಯ ಮೇಲೆ ಕೂತ ಜೋಡಿಯ ಚಿತ್ರದ ಸೂಕ್ಷ್ಮತೆ 0.53 ನ್ಯಾನೋಮೀಟರ್. ಪ್ರೋಥ್ರಾಂಬಿನನ್ನೂ ಹಿಡಿದುಕೊಂಡ ಜೋಡಿಯದು 0.41 ನ್ಯಾನೋಮೀಟರ್, ಇದು ಹೆಚ್ಚು ಸ್ಪಷ್ಟ.

ಚಿತ್ರ ಏನು ಹೇಳಿತು? ಹತ್ತನೆಯ ಅಂಶದ ಗ್ಲಾ ಪಾದ, ಪ್ರೋಥ್ರಾಂಬಿನ್ನಿನ ಗ್ಲಾ ಪಾದ, ಐದನೆಯದರ ಸಿ-1 ಮತ್ತು ಸಿ-2 ಪಾದಗಳು ಎಲ್ಲವೂ ಒಂದೇ ಸಮತಲದಲ್ಲಿವೆ. ಆ ಸಮತಲವೇ ಪೊರೆ ಇರಬೇಕಾದ ಜಾಗ. ಅಲ್ಲಿಂದ ಹತ್ತನೆಯದೂ ಪ್ರೋಥ್ರಾಂಬಿನ್ನೂ ಬಾಗಿ ಮೇಲೆದ್ದು, ಐದನೆಯದರ ಮೈಗೆ ಆತುಕೊಂಡು ಪರಸ್ಪರ ತಾಗುತ್ತವೆ. ಐದನೆಯದರ ಒಂದು ತುಣುಕು ಹತ್ತನೆಯದರ ಮೇಲೆ ಮುಚ್ಚಳದಂತೆ ಕೂತು ಕತ್ತರಿಯ ಬಾಯನ್ನು ಸರಿಯಾದ ದಿಕ್ಕಿಗೆ ನಿಲ್ಲಿಸುತ್ತದೆ. ಪ್ರೋಥ್ರಾಂಬಿನ್ನಿನಲ್ಲಿ ಕತ್ತರಿಸಬೇಕಾದ ಜಾಗಗಳು ಎರಡು: 271 ಮತ್ತು 320ನೆಯ ಕೊಂಡಿಗಳು. ಐದನೆಯದರ ಇನ್ನೊಂದು ತುಣುಕು 271ನೆಯದನ್ನು ಮರೆಗೆ ಹಿಡಿದುಕೊಂಡು 320ನೆಯದನ್ನು ಕತ್ತರಿಯ ಮುಂದೆ ತರುತ್ತದೆ. ಅಂದರೆ ಐದನೆಯ ಅಂಶ ಸುಮ್ಮನೆ ನಿಂತ ಕಂಬವಲ್ಲ. ಯಾವುದನ್ನು ಮೊದಲು ಕತ್ತರಿಸಬೇಕೆಂದು ತೋರಿಸುವ ಮೇಸ್ತ್ರಿ.

ಇದರಿಂದ ನಮಗೇನು?

ಆಕಾರ ತಿಳಿದರೆ ಕಾಯಿಲೆಯ ಕಾರಣ ತಿಳಿಯುತ್ತದೆ. ಹಿಮೋಫೀಲಿಯಾ ಇರುವ ಒಬ್ಬನಲ್ಲಿ ಎಂಟನೆಯ ಅಂಶದ ಪಾದದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದ್ದರೆ, ಪ್ರೋಟೀನು ತಯಾರಾದರೂ ಪೊರೆಗೆ ಅಂಟಲಾರದು. ಅದು ಪಾದದ ದೋಷವೋ, ಜೊತೆಗಾರನನ್ನು ಹಿಡಿಯುವ ಕೈಯ ದೋಷವೋ ಎಂದು ರಚನೆ ನೋಡಿ ಹೇಳಬಹುದು.

ಚಿಕಿತ್ಸೆಯ ದಾರಿಯೂ ಕಾಣುತ್ತದೆ. ಎಂಟನೆಯ ಅಂಶದ ಕೆಲಸವೇನು? ಒಂಬತ್ತನೆಯದನ್ನೂ ಹತ್ತನೆಯದನ್ನೂ ಸರಿಯಾದ ಭಂಗಿಯಲ್ಲಿ ಎದುರುಬದುರು ನಿಲ್ಲಿಸುವುದು. ಹಾಗಾದರೆ ಬೇರಾವುದಾದರೂ ದಲ್ಲಾಳಿ ಆ ಕೆಲಸ ಮಾಡಬಾರದೇ? ಎಮಿಸಿಜುಮ್ಯಾಬ್ ಎಂಬ ಔಷಧ ಮಾಡುವುದು ಇದನ್ನೇ. ಇದು ಒಂದು ಕೈಯಿಂದ ಒಂಬತ್ತನೆಯದನ್ನೂ ಇನ್ನೊಂದು ಕೈಯಿಂದ ಹತ್ತನೆಯದನ್ನೂ ಹಿಡಿಯುವ ಪ್ರತಿಕಾಯ. ನೋಡಲು ಎಂಟನೆಯ ಅಂಶದಂತಿಲ್ಲ. ಆದರೆ ಅದರ ಜಾಗದಲ್ಲಿ ನಿಲ್ಲುತ್ತದೆ. 2017ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲ ಒಪ್ಪಿಗೆ ದೊರೆಯಿತು. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಐವರು ರೋಗಿಗಳಿಗೆ ಎಂಟನೆಯ ಅಂಶದ ವಂಶವಾಹಿಯನ್ನೇ ಕೊಟ್ಟು ಅದರ ಫಲವನ್ನು 2024ರಲ್ಲಿ ಪ್ರಕಟಿಸಿದರು.

ಇದೆಲ್ಲ ಹೊರದೇಶಗಳ ಮಾತು ಎಂದುಕೊಳ್ಳಬೇಡಿ. ರಾಮನಗರದಿಂದ ಬೆಂಗಳೂರು ಸುಮಾರು 50 ಕಿಲೋಮೀಟರ್. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಕಟ್ಟಿದ ಅಣುಜೈವಿಕ ಭೌತವಿಜ್ಞಾನ ವಿಭಾಗ ಪ್ರೋಟೀನುಗಳ ರಚನೆಯ ಅಧ್ಯಯನಕ್ಕೆ ಜಗತ್ತಿನಲ್ಲಿ ಹೆಸರಾದದ್ದು. ಜಿ.ಕೆ.ವಿ.ಕೆ. ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ 3 ಲಕ್ಷ ವೋಲ್ಟಿನ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಯಂತ್ರವಿದೆ. ಹಾವಿನ ವಿಷ ಊರಿಂದೂರಿಗೆ ಹೇಗೆ ಬದಲಾಗುತ್ತದೆಂದು ಅಲ್ಲಿಯ ಇನ್ನೊಂದು ಪ್ರಯೋಗಾಲಯ ಅಧ್ಯಯನ ಮಾಡಿದೆ. ಹಾವು ಇಲ್ಲಿದೆ, ಯಂತ್ರವೂ ಹತ್ತಿರದಲ್ಲೇ ಇದೆ. ಭೌತಶಾಸ್ತ್ರ, ಗಣಿತ, ಜೀವಶಾಸ್ತ್ರ ಮೂರನ್ನೂ ಪ್ರೀತಿಯಿಂದ ಓದಿದವರಿಗೆ ಅಲ್ಲಿ ಕೆಲಸ ಕಾದಿದೆ.

ನೀವೇ ಮಾಡಿ ನೋಡಿ

ಕತ್ತಲ ಕೋಣೆಯಲ್ಲಿ ದೀಪದ ಮುಂದೆ ಒಂದು ಚನ್ನಪಟ್ಟಣದ ಬೊಂಬೆಯನ್ನು ಹಿಡಿದು ಗೋಡೆಯ ಕಾಗದದ ಮೇಲೆ ಅದರ ನೆರಳಿನ ಗೆರೆ ಎಳೆಯಿರಿ. ಬೊಂಬೆಯನ್ನು ತಿರುಗಿಸುತ್ತ ಹತ್ತು ಗೆರೆಚಿತ್ರ ಮಾಡಿ. ಬೊಂಬೆಯನ್ನು ನೋಡದ ಗೆಳೆಯನಿಗೆ ಆ ಹತ್ತು ಚಿತ್ರಗಳನ್ನು ಕೊಟ್ಟು ಜೇಡಿಮಣ್ಣಿನಲ್ಲಿ ಅದರ ರೂಪ ಮಾಡಲು ಹೇಳಿ. ಆಮೇಲೆ ಎರಡನ್ನೂ ಹೋಲಿಸಿ. ಮೂರೇ ಚಿತ್ರ ಕೊಟ್ಟರೆ ಎಲ್ಲಿ ತಪ್ಪಾಗುತ್ತದೆ? ಎಲ್ಲ ಚಿತ್ರಗಳೂ ಒಂದೇ ಮಗ್ಗುಲಿನವಾದರೆ ಏನಾಗುತ್ತದೆ? ಪೊರೆಯ ಮೇಲಿನ ಪ್ರೋಟೀನುಗಳನ್ನು ನೋಡುವವರೂ ದಿನವೂ ಇವೇ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ.

ಮುಂದಿನ ಬಾರಿ ಬೆರಳು ಕೊಯ್ದುಕೊಂಡಾಗ ಒಂದು ನಿಮಿಷ ಅದನ್ನು ಒತ್ತಿ ಹಿಡಿದು ನೆನಪು ಮಾಡಿಕೊಳ್ಳಿ. ಅಲ್ಲಿ ಆಗಲೇ ಸಂತೆ ಸೇರಿರುತ್ತದೆ. ಆ ಸಂತೆ ಸೇರದ ಗೆಳೆಯನೊಬ್ಬ ನಿಮ್ಮ ಊರಿನಲ್ಲಿದ್ದರೆ, ಆಟದ ಮೈದಾನದಲ್ಲಿ ಅವನ ಮೇಲೆ ಒಂದು ಕಣ್ಣಿಡಿ. ಅವನು ಬಿದ್ದರೆ ನಗದೆ, ತಡಮಾಡದೆ ದೊಡ್ಡವರನ್ನು ಕರೆಯಿರಿ.